ಜರ್ಮನಿ ಗಡ್ಡಕ್ಕೆ ರುದ್ರಾಕ್ಷಿ

ಹೊಳಲ್ಕೆರೆಯಲ್ಲಿ ನಮಗೆ ಡ್ರಾಯಿಂಗ್ ಕಲಿಸುತ್ತಿದ್ದ ಓಂಕಾರಪ್ಪ ಮೇಷ್ಟ್ರು ಯಾರ ಜೊತೆ ಮಾತಾಡಿದರೂ ಕಣ್ಣು ನೋಡುತ್ತಿರಲಿಲ್ಲ, ಗಲ್ಲ ನೋಡುತ್ತಿದ್ದರು. ಹೆಡ್‌ಮಾಸ್ಟರು ಬೈಯುತ್ತಿದ್ದರೂ ಇವರು ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಚಾಚಿ ಅವರ ದವಡೆ ಅಳೆಯುವರು. "ನಿಮ್ದು ಸಿಮೆಂಟಿಗೆ ಒಗ್ಗೋ ಮುಖ ಸಾ," ಅಂದದ್ದೂ ಉಂಟು.

ಶಾಲೆಯ ಬಾವಿ ಪಕ್ಕ ಅವರು ಸಿಮೆಂಟಿನಲ್ಲಿ ಒಂದು ತಲೆ ಮಾಡಿದ್ದರು. ನಾವು ಪುಸ್ತಕಗಳಿಗೆ ಬೈಂಡು ಹಾಕಲು ಬಳಸುತ್ತಿದ್ದ ನುಣುಪು ಕಾಗದದ ರಷ್ಯಾ ಪತ್ರಿಕೆಯಲ್ಲಿ ಫೋಟೊ ನೋಡಿ ಮಾಡಿದ್ದು: ಬಡವರ ಪರ ಬರೆದ ಜರ್ಮನಿಯ ಚಿಂತಕ, ಎದೆ ತುಂಬ ಗಡ್ಡ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ಮೇಷ್ಟ್ರಿಗೆ ಆ ಮನುಷ್ಯನ ಮೇಲೆ ಬಲು ಮಮತೆ. "ಬದುಕಿದ್ದಾಗ ದೇಶ ಬಿಡಿಸಿದ್ರು ಕಣ್ರಲೇ. ಈಗ ಆ ದೇಶದ ನಡುವೆ ಗೋಡೆ ಎದ್ದೈತೆ. ಈಚೆ ಸರ್ಕಾರ ಮನೆಯೆತ್ತರದ ತಲೆ ನಿಲ್ಸಿ ಸಲಾಂ ಹೊಡೀತೈತೆ, ಗೋಡೆ ಆಚೆ ಸರ್ಕಾರ ಹೆಸರೇ ಎತ್ತಬ್ಯಾಡ್ರಿ ಅಂತೈತೆ. ತಲೆ ಅವನ್ದು, ಮುಖ ಮಾತ್ರ ಕುರ್ಚಿ ಮ್ಯಾಲೆ ಕುಂತೋರು ಬಳಿದಂಗೆ," ಎಂದು ನಗುತ್ತಿದ್ದರು.

ತುರ್ತು ಪರಿಸ್ಥಿತಿ ಬಂತು. ಚಿತ್ರದುರ್ಗದಲ್ಲಿ ಈ ಗಡ್ಡದವನ ಪುಸ್ತಕ ಇಟ್ಟುಕೊಂಡಿದ್ದ ಯಾರನ್ನೋ ಹಿಡಿದರಂತೆ ಎಂಬ ಸುದ್ದಿಯ ಹಿಂದೆಯೇ, ಮಂತ್ರಿಯೊಬ್ಬರು ನಮ್ಮ ಶಾಲೆಗೆ ಬರುತ್ತಾರೆಂದು ತಿಳಿಯಿತು. ಅವರು ಬರುವ ದಿನ ಬೆಳಿಗ್ಗೆ ನೋಡಿದರೆ ನಮ್ಮ ಜರ್ಮನಿಯವನ ಹಣೆಗೆ ವಿಭೂತಿ, ಕೊರಳಿಗೆ ಸಿಮೆಂಟಿನ ರುದ್ರಾಕ್ಷಿ, ನೆತ್ತಿಯ ಮೇಲೆ ಜಟೆ. ಮಂತ್ರಿಗಳು ಚಪ್ಪಲಿ ಬಿಟ್ಟು ಕೈಮುಗಿದು, "ಇವ್ರು ಯಾವ ಮಠದ ಅಜ್ಜಾರು?" ಎಂದು ಕೇಳಿದರು. ಮೇಷ್ಟ್ರು ಅವರ ಗಲ್ಲವನ್ನೂ ನೋಡದೆ, "ನಮ್ಮ ಕಡೇರೇ ಸಾ," ಎಂದರು. ಸಾಲಿನಲ್ಲಿ ನಿಂತಿದ್ದ ನನಗೆ ಯಾರೋ ನನ್ನ ಅಂಗಿ ಬಿಚ್ಚಿಸಿದಷ್ಟು ನಾಚಿಕೆಯಾಯಿತು.

ಮುಂದಿನ ವಾರದಿಂದ ಸಂತೆಗೆ ಬಂದವರು ಅಲ್ಲಿ ಕಾಯಿ ಒಡೆಯತೊಡಗಿದರು. ಮೇಷ್ಟ್ರು ಬಾವಿ ಕಡೆ ಹೋಗುವುದನ್ನೇ ಬಿಟ್ಟರು. ಹುಡುಗರು ಆಡಿಕೊಂಡಾಗಲೆಲ್ಲ ನಾನು, "ಪಾಪ, ಮೇಲಿನವರು ಹೆದರಿಸಿ ಮಾಡಿಸಿದ್ದಾರೆ," ಎಂದು ಅವರ ಪರ ಜಗಳಕ್ಕೆ ಬೀಳುತ್ತಿದ್ದೆ.

ಕೇಂದ್ರದಲ್ಲಿ ಸರ್ಕಾರ ಬದಲಾದ ವರ್ಷ ಅವರು ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಸಿಕ್ಕರು. ವರ್ಗವಾಗಿ ಹೊರಟಿದ್ದರು. ಸಮಾಧಾನ ಹೇಳೋಣವೆಂದು, "ಈಗಾದ್ರೂ ಆ ರುದ್ರಾಕ್ಷಿ ತೆಗೀಬೋದಲ್ಲ ಸಾ. ನಿಮ್ಮ ಕೈಲಿ ಅದನ್ನ ಮಾಡಿಸ್ದೋರು ಮನೆಗೆ ಹೋದ್ರು," ಎಂದೆ.

"ಯಾರೂ ಮಾಡಿಸ್ಲಿಲ್ಲ ಕಣಪ್ಪ. ಒಂದು ಗೋಣಿಚೀಲ ಮುಚ್ರಿ ಸಾಕು ಅಂದಿದ್ರು ಹೆಡ್‌ಮಾಸ್ಟ್ರು. ನಾನೇ ಕುಂತು ಜಟೆ ಕಟ್ದೆ." ಟ್ರಂಕಿನ ಬೀಗ ಎಳೆದು ನೋಡುತ್ತ ಹೇಳಿದರು, "ಚೆಂದ ಬಂತು ಅಂತ ಆವತ್ತು ಖುಷೀನೂ ಪಟ್ಟೆ."

ರೈಲು ಬಂತು. ಅವರ ಟ್ರಂಕು ಎತ್ತಿ ಒಳಗಿಟ್ಟೆ. ಕಾಲು ಮುಟ್ಟಿ ನಮಸ್ಕಾರ ಮಾಡಲಿಲ್ಲ. ಅವರೂ ಅದಕ್ಕೆ ಕಾಯಲಿಲ್ಲ.