ಅತ್ತೆಯ ಹರಕೆ, ನನ್ನ ಟೆಂಟು

ಹರಕೆ ಹೊತ್ತವರು ಟೆಂಟಿನೊಳಗೆ ಮಲಗಿದರೆ ಹರಕೆ ಸಲ್ಲುತ್ತದೆಯೇ?

ನಗಬೇಡಿ. ಕಳೆದ ವಾರ ನಂಜನಗೂಡಿನಲ್ಲಿ, ಕಪಿಲೆಯ ದಡದ ಬಯಲಿನಲ್ಲಿ, ಇದೇ ಪ್ರಶ್ನೆ ಹಿಡಿದುಕೊಂಡು ಒಂದು ಸಂಜೆಯೆಲ್ಲ ಚರ್ಚೆ ನಡೆಯಿತು. ಟೆಂಟು ನನ್ನದು. ಹರಕೆ ನನ್ನ ಅತ್ತೆಯದು.

ಹೋದ ವರ್ಷ ನನಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿ, ಅದು ಇನ್‌ಫೆಕ್ಷನ್‌ಗೆ ತಿರುಗಿ, ಐಸಿಯು ಸೇರಿದ್ದೆ. ಆಗ ತಿ. ನರಸೀಪುರದಲ್ಲಿ ಕೂತಿದ್ದ ಅತ್ತೆ, ಅಳಿಯ ಎದ್ದು ಓಡಾಡುವಂತಾದರೆ ಒಂದು ರಾತ್ರಿ ನಿನ್ನ ಸನ್ನಿಧಿಯ ಮಣ್ಣಿನ ಮೇಲೆ ಮಲಗುತ್ತೇನೆ ಎಂದು ನಂಜುಂಡೇಶ್ವರನಿಗೆ ಹೇಳಿಕೊಂಡರಂತೆ. ನಾನು ಎದ್ದೆ. ಓಡಾಡಿದೆ. ಅತ್ತೆ ಚಾಪೆ ಸುತ್ತಿಟ್ಟುಕೊಂಡು ಕೂತರು. ತೊಂದರೆ ಏನೆಂದರೆ ಅವರಿಗೆ ಉಬ್ಬಸ. ಬಯಲಿನ ಮಂಜಿನಲ್ಲಿ ಮಲಗಿದರೆ ಮುಂದಿನ ಐಸಿಯು ಅವರಿಗೇ.

"ಅಮ್ಮಾ, ಲಾಡ್ಜ್ ಮಾಡ್ತೀವಿ. ರೂಮಲ್ಲೇ ಕೆಳಗೆ ಮಲಕ್ಕೋ" ಎಂದಳು ನನ್ನ ಹೆಂಡತಿ ಸುಮಾ.

"ಟೈಲ್ಸ್ ಮ್ಯಾಲೆ ಮನಗಕ್ಕೆ ಅಲ್ಲೀಗಂಟ ಯಾಕವ್ವಾ ಓಗ್ಬೇಕು? ನಿಮ್ಮನೇಲೇ ಮನಗ್ತೀನಿ ಬುಡು."

ಹೀಗೆ ಬಂತು ಟೆಂಟು. ಹಸಿರು ಬಣ್ಣ, ಜಿಪ್ಪು, ಸೊಳ್ಳೆ ಪರದೆ. (ಐಡಿಯಾ ನನ್ನದೇ. ಯಾರೂ ಹೊಗಳಲಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳುತ್ತಿದ್ದೇನೆ.)

ಕ್ಯಾಂಪಿಂಗ್ ಎಂದರೆ ಬೂಟು ಹಾಕಿಕೊಂಡು ಬೆಟ್ಟ ಹತ್ತುವವರ ಶೋಕಿ ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ ಹುಣ್ಣಿಮೆಗೆಂದು ಊರೂರಿನವರು ಬಂದು ಬೀಡು ಬಿಟ್ಟಿದ್ದಾರೆ! ಮೂರು ಕಲ್ಲಿನ ಒಲೆ, ಪಕ್ಕದಲ್ಲೊಂದು ಟಾರ್ಪಾಲು, ಗೂಡ್ಸ್ ಆಟೋದ ಕಂಬಿಗೆ ಕಟ್ಟಿದ ಸೀರೆಯಲ್ಲಿ ಮಗುವಿನ ನಿದ್ದೆ. ಬುಕಿಂಗ್ ಇಲ್ಲ, ಚೆಕ್‌ಇನ್ ಇಲ್ಲ. ಹಾಗಾದರೆ ಜಾಗ ಸಿಗುವುದು ಹೇಗೆ? "ವಸಿ ಅತ್ಲಾಗ್ ಜರುಗ್ರವ್ವಾ" ಅಂದರೆ ಆಯಿತು. ನಮಗೂ ಹಾಗೇ ಸಿಕ್ಕಿತು.

ನಾನು ಟೆಂಟಿನ ಕಡ್ಡಿಗಳ ಜೊತೆ ಗುದ್ದಾಡುವಾಗ ಸುತ್ತ ಜನವೋ ಜನ. ಪಕ್ಕದ ಟಾರ್ಪಾಲಿನ ಮಾದೇವಮ್ಮ, ಬನ್ನೂರು ಕಡೆಯವರು, ಸೌಟು ಹಿಡಿದುಕೊಂಡೇ ಬಂದರು. ಬಗ್ಗಿ ಒಳಗೆ ನೋಡಿ, ಕೈಯಿಂದ ತಳ ಸವರಿದರು.

"ಸಾ, ಇದ್ರಲ್ಲಿ ನೆಲ ಎಲ್ಲದೆ?"

"ಇದೇ ನೆಲ ಅಮ್ಮ. ಟೆಂಟಿಗೇ ಸೇರಿಸಿ ಹೊಲಿದಿರ್ತಾರೆ. ತೇವ, ಹುಳ ಏನೂ ಬರಲ್ಲ."

"ಮಣ್ಣೂ ಬರಾಕಿಲ್ವಲ್ಲ ಸಾ! ಪ್ಲಾಸ್ಟಿಕ್ ಮ್ಯಾಲೆ ಮನಗುದ್ರೆ ಅರಕೆ ಎಂಗ್ ಸಲ್ತದೆ?"

ಅತ್ತೆಯ ಮುಖ ಸಣ್ಣಗಾಯಿತು. ಇದು ನನಗೆ ಹೊಳೆದೇ ಇರಲಿಲ್ಲ. "ಪ್ಲಾಸ್ಟಿಕ್ ಕೆಳಗೆ ಮಣ್ಣೇ ಅಲ್ವಾ?" ಎಂದು ವಾದಿಸಿದೆ.

"ಅಂಗಂದ್ರೆ ನಮ್ಮನೆ ಮಂಚದ ಕೆಳ್ಗೂ ಮಣ್ಣೇಯ" ಎಂದರು ಅತ್ತೆ. ಚಾಪೆ ಎತ್ತಿಕೊಂಡು ಬಯಲಿಗೇ ಹೊರಟರು. "ನಂಗೇನಾರ ಆಗ್ಲಿ. ಅಳಿಯಂದ್ರಿಗೆ ಏನೂ ಆಗ್ಬಾರ್ದು."

ಸುಮಾಳ ಕಣ್ಣಲ್ಲಿ ನೀರು. ಒಬ್ಬ ಹಿರಿಯರು, ಬ್ಲೇಡ್ ತಂದು ತಳ ಕೊಯ್ದುಬಿಡಿ ಎಂದು ಸಲಹೆ ಕೊಟ್ಟರು. ಮಾದೇವಮ್ಮ ಗದರಿಕೊಂಡರು.

"ಒಸಾದ್ನ ಯಾಕಪ್ಪಾ ಕುಯ್ಸೀಯೆ? ಅವ್ರು ಮಣ್ತಾವ್ಕೆ ಓಗಕ್ಕಾಗ್ನಿಲ್ಲ ಅಂದ್ರೆ, ಮಣ್ಣೇ ಅವ್ರ್ ತಾವ್ಕೆ ಬರ್ಲಿ."

ಹೆಂಗಸರು ಬಾಣಲಿ, ಬಕೆಟ್ಟು, ಒಬ್ಬರಂತೂ ಅನ್ನ ಬಸಿಯುವ ತಟ್ಟೆ ಹಿಡಿದು ಹೊರಟೇಬಿಟ್ಟರು. ನದಿಯ ಕಡೆಯಿಂದ ಒಣ ಮಣ್ಣು ತಂದು ನನ್ನ ಹೊಚ್ಚಹೊಸ ಟೆಂಟಿನೊಳಗೆ ಸುರಿದು, ಕಲ್ಲು ಆರಿಸಿ, ಹಾಸಿಗೆಯಷ್ಟಗಲ ಹರವಿದರು. ನಡುವೆ ನಾನು, ಅರ್ಚಕರನ್ನು ಒಂದು ಮಾತು ಕೇಳೋಣವೇ ಎಂದೆ.

"ಅವ್ರೇನ್ ಬಂದ್ ಮನಗ್ತಾರಾ ಸಾ?" ಎಂದರು ಮಾದೇವಮ್ಮ.

ಅತ್ತೆ ಚಾಪೆಯನ್ನೂ ಹಾಸದೆ ಮಲಗಿ ನೋಡಿದರು. ಅಂಗೈಯಿಂದ ಮಣ್ಣು ಮುಟ್ಟಿದರು. "ಸರೋಯ್ತು" ಎಂದರು. ಹರಕೆಯ ನಿಯಮ ಬರೆದವರು ಯಾರು, ತಿದ್ದುವ ಹಕ್ಕು ಯಾರದ್ದು ಎಂದು ನಾನು ಆಗಾಗ ಯೋಚಿಸಿದ್ದುಂಟು. ಸೌಟು ಹಿಡಿದವರದ್ದು ಎಂದು ಅವತ್ತು ಗೊತ್ತಾಯಿತು.

"ಅಂದಂಗೆ ನೀವೆಲ್ ಮನಗ್ತೀರಿ ಸಾ?" ಮಾದೇವಮ್ಮ ಕೇಳಿದರು.

ನನಗೆ ಲಾಡ್ಜಿನಲ್ಲಿ ಎಸಿ ರೂಮು ಬುಕ್ ಆಗಿತ್ತು. ಹರಕೆ ನನ್ನ ಜೀವದ್ದು, ಮಣ್ಣಿನಲ್ಲಿ ಮಲಗುವವರು ಅತ್ತೆ, ನಾನು ಎಸಿಯಲ್ಲಿ! "ಇಲ್ಲೇ" ಎಂದುಬಿಟ್ಟೆ. ಅವರು ತಮ್ಮ ಟಾರ್ಪಾಲಿನ ಒಂದು ಅಂಚು ಬಿಟ್ಟುಕೊಟ್ಟರು.

ಬೆಳಿಗ್ಗೆ ಟೆಂಟಿನ ಜಿಪ್ಪು ತೆರೆಯಿತು. ಅತ್ತೆಯ ಬೆನ್ನೆಲ್ಲ ಮಣ್ಣು, ಉಸಿರು ಸಲೀಸು, ಮುಖದ ತುಂಬ ನಗು. ನಾನು ಮಾತ್ರ ಏಳಲಾರದೆ, ಸೊಂಟ ಹಿಡಿದುಕೊಂಡು, ಸುಮಾಳ ಭುಜಕ್ಕೆ ಕೈ ಊರಿ ಹೇಗೋ ನಿಂತೆ.

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಮತ್ತೆ ಗೋಪುರದ ಕಡೆ ತಿರುಗಿ, ಕಣ್ಣು ಮುಚ್ಚಿ, ಕೈ ಮುಗಿದು ಏನೋ ಹೇಳಿಕೊಂಡರು.

ಏನು ಹೇಳಿಕೊಂಡಿರಿ ಎಂದು ಕೇಳುವ ಧೈರ್ಯ ಯಾರಿಗಿದೆ?