ನಿಮ್ಮಪ್ಪಂಗೆ ಹೇಳು

ಇವತ್ತು ಟಪಾಲಿನಲ್ಲಿ ಮಗಳ ಹಾಸ್ಟೆಲಿನಿಂದ ಒಂದು ಪುಸ್ತಿಕೆ ಬಂತು. ಹೊಸ ಕಾಗದದ ವಾಸನೆ, ಮೇಲೆ ‘ತಂದೆ ತಾಯಿಯರಿಗೆ ಸ್ವಾಗತ’ ಎಂಬ ಒಕ್ಕಣೆ. ಅವಳು ಹೋಗಿ ಆಗಲೇ ಮೂರು ವಾರ. ಅದನ್ನು ಮೂಸುತ್ತಾ ನಿಂತವಳಿಗೆ ಏಪ್ರಿಲ್ ತಿಂಗಳ ಒಂದು ಊಟ ನೆನಪಾಯಿತು.

ವುಡಿನ್‌ವಿಲ್‌ನ ನಮ್ಮ ಮನೆಯಿಂದ ಸಿಯಾಟಲ್‌ನ ಕಾಲೇಜಿಗೆ ಎರಡು ಬಸ್ಸು ಹಿಡಿದರಾಯಿತು. ಇಷ್ಟು ಹತ್ತಿರ ಮನೆಯಿರುವಾಗ ಹಾಸ್ಟೆಲ್ ಯಾಕೆ ಎಂಬುದು ನನ್ನ ವಾದ. ಅಲ್ಲಿನ ಬೇಯದ ಅನ್ನದಿಂದ ಹಿಡಿದು ರೂಮ್‌ಮೇಟ್ ಗೊರಕೆ ಹೊಡೆಯುವ ಸಂಭವದವರೆಗೆ ಎಲ್ಲವನ್ನೂ ಮುಂದಿಟ್ಟಿದ್ದೆ. ನಮ್ಮ ಯಜಮಾನರು ಏನಂದರು ಎಂದು ಕೇಳುತ್ತೀರಾ? ಅದನ್ನೂ ಮಗಳೇ ಬಂದು ನನಗೆ ಹೇಳಬೇಕಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಜಗಳವಿಲ್ಲ, ಮುನಿಸಿಲ್ಲ. ಮಂಡ್ಯದ ನನ್ನ ತವರಿನಲ್ಲಿ ಗಂಡನನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡವಳಲ್ಲ. ಮದುವೆಯಾದ ಹೊಸದರಲ್ಲಿ ‘ರೀ’ ಎಂದು ನಿಭಾಯಿಸಿದೆ. ಮಗು ಮಾತು ಕಲಿತ ಮೇಲೆ ಅದೂ ಬೇಕಾಗಲಿಲ್ಲ. “ನಿಮ್ಮಪ್ಪಂಗೆ ಊಟಕ್ಕೆ ಬರಕ್ಕೆ ಹೇಳು” ಎಂದು ನಾನು, “ನಾಳೆ ಲೇಟಾಗತ್ತೆ ಅಂತ ನಿಮ್ಮಮ್ಮಂಗೆ ಹೇಳು” ಎಂದು ಅವರು. ಎಷ್ಟೋ ಸಲ ಮೂವರೂ ಒಂದೇ ಸೋಫಾದಲ್ಲಿ ಕೂತಿರುತ್ತಿದ್ದೆವು! ಇದು ವಿಚಿತ್ರವೆಂದು ನನಗೆ ಹೊಳೆಯಲೇ ಇಲ್ಲ.

ಕೊನೆಗೆ ಏಪ್ರಿಲ್‌ನಲ್ಲೊಂದು ದಿನ ಮಗಳು ಮನೆಯಲ್ಲೇ ಇರುತ್ತೇನೆ ಅಂದಳು. ಗೆದ್ದೆನೆಂದು ಶಾವಿಗೆ ಪಾಯಸ ಮಾಡಿದೆ. ಬಡಿಸುತ್ತಾ, “ನಂಗೊತ್ತಿತ್ತು. ಅಮ್ಮನ ಕೈಯಡುಗೆ ಬಿಟ್ಟು ನೀನಿರಲ್ಲ” ಎಂದು ಬೀಗಿದೆ.

ಅವಳು ತಲೆ ಎತ್ತಲಿಲ್ಲ. “ಫುಡ್ ಅಲ್ಲಮ್ಮ. ಹಾಸ್ಟೆಲ್ ನಂಗೆ ರಿಯಲಿ ಬೇಕು. ಬಟ್ ನಾನು ಹೋದ್ರೆ, ನೀವಿಬ್ರೂ ಹೇಗೆ ಮಾತಾಡ್ತೀರ?”

ಸೌಟು ಕೈಯಲ್ಲೇ ಉಳಿಯಿತು. ಯಜಮಾನರು ಎದುರಿಗೇ ಕೂತಿದ್ದಾರೆ. ಆಗಲೂ ನಾನು ಏನಂದೆ ಗೊತ್ತೆ? “ನಾವು ಮಾತಾಡಲ್ವಾ? ಬೇಕಾದ್ರೆ ನಿಮ್ಮಪ್ಪನ್ನೇ ಕೇಳು!”

ಮಗಳ ಕಣ್ಣು ತುಂಬಿತು. ಅವರು ತಟ್ಟೆಯನ್ನೇ ನೋಡುತ್ತಿದ್ದರು. ಆಡಿದ ಮಾತು ನನಗೇ ಕೇಳಿಸಿ ನಾಚಿಕೆಯಿಂದ ಕುಗ್ಗಿಹೋದೆ. ನಮ್ಮಿಬ್ಬರ ಸಂಸಾರವನ್ನು ಮಗುವಿನ ಹೆಗಲಿಗೆ ಹೊರಿಸಿಟ್ಟು, ಅವಳು ನನ್ನ ಸಾರಿಗಾಗಿ ಉಳಿದಳೆಂದು ಮೆರೆದಿದ್ದೆನಲ್ಲ! ಮರುದಿನ ಬೆಳಿಗ್ಗೆ ಪಕ್ಕದಲ್ಲಿ ಕೂತು ಅವಳಿಂದ ಹಾಸ್ಟೆಲಿನ ಅರ್ಜಿ ತುಂಬಿಸಿದೆ.

ಅವಳು ಹೋದ ಮೇಲೆ ನಾವು ಸುಧಾರಿಸಿದೆವು ಅಂದುಕೊಳ್ಳಬೇಡಿ. ಮೂರು ವಾರ ಮೊಬೈಲ್ ಮೆಸೇಜಿನಲ್ಲೇ ದಬ್ಬಿದೆವು. ಕೆಳಗಿನಿಂದ ನಾನು ‘ಊಟ ರೆಡಿ’ ಎಂದು ಕಳಿಸಿದರೆ ಮೇಲಿನಿಂದ ಒಂದು ಹೆಬ್ಬೆರಳು ಬರುತ್ತಿತ್ತು.

ಇವತ್ತು ಸಂಜೆ ಮೊಬೈಲ್ ಅಡುಗೆಮನೆಯಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ. “ರೀ, ಊಟಕ್ಕೆ ಬನ್ನಿ.”

ಅವರು ಗಾಬರಿಯಿಂದ ಎದ್ದು ನಿಂತರು. “ಯಾಕೆ, ಏನಾಯ್ತು? ಅವಳು ಕಾಲ್ ಮಾಡಿದ್ಲಾ?”

“ಏನೂ ಆಗಿಲ್ಲ. ನಾನೇ ಕರೀತಿದೀನಿ.”

ಊಟಕ್ಕೆ ಕೂತೆವು. ಎರಡು ತುತ್ತಾದ ಮೇಲೆ ಅವರು ಅಭ್ಯಾಸದಂತೆ ಮಗಳ ಕುರ್ಚಿಯ ಕಡೆ ತಿರುಗಿದರು, ತಡೆದುಕೊಂಡರು, ಆಮೇಲೆ ನನ್ನ ಮುಖ ನೋಡಿದರು.

“ಸಾರಿಗೆ ಉಪ್ಪು ಕಮ್ಮಿ ಆಗಿದೆ ಕಣೆ.”

ಇಷ್ಟು ವರ್ಷಗಳಲ್ಲಿ ನೇರ ನನಗೇ ಬಂದ ಮೊದಲ ದೂರು. ಉಪ್ಪಿನ ಡಬ್ಬಿ ಕೊಡುವುದನ್ನೂ ಮರೆತು ನಾನು ಅವರನ್ನೇ ನೋಡುತ್ತಾ ಕೂತೆ.