ಉಪ್ಪುನೀರಿನ ಊರಿನ ಶ್ರೀಕಂಠ

ಶ್ರೀಕಂಠನ ಮನೆಗೆ ಹೋಗುವಾಗಲೆಲ್ಲ ರಾಮದಾಸ ಫ್ಲಾಸ್ಕಿನಲ್ಲಿ ನೀರು ತುಂಬಿಸಿಕೊಂಡು ಹೋಗುತ್ತಿದ್ದ. ಪಾಲಾರಿವಟ್ಟಂನ ತನ್ನ ಬಾಡಿಗೆ ಕೋಣೆಯ ಹಿಂದಿನ ಬಾವಿಯ ನೀರು. ಎರ್ನಾಕುಳಂ ಜೆಟ್ಟಿಯಲ್ಲಿ ಬೋಟು ಹತ್ತಿ, ವೈಪಿನ್ ದ್ವೀಪದ ಪುತ್ತನ್‌ಕಡವಿನಲ್ಲಿ ಇಳಿದು, ತೆಂಗಿನ ಮರಗಳ ನಡುವಿನ ಮರಳು ದಾರಿಯಲ್ಲಿ ಹತ್ತು ನಿಮಿಷ ನಡೆದು, ಜಗಲಿಯ ಮೇಲೆ ಕೂತವನೇ ಎಲ್ಲರಿಗೂ ಕಾಣುವ ಹಾಗೆ ಮುಚ್ಚಳ ತಿರುಗಿಸಿ ಒಂದು ಗುಟುಕು ಕುಡಿಯುತ್ತಿದ್ದ.

"ಗಂಗೆ ತಂದ್ಯೇನಯ್ಯ?" ಎಂದು ಶ್ರೀಕಂಠ ಕೇಳುತ್ತಿದ್ದ.

"ಸಾಯುವಾಗ ಬಾಯಿಗೆ ಬಿಡ್ಲಿಕ್ಕೆ ಒಂದು ತೊಟ್ಟು ಬೇಕಲ್ಲ ಮಾರಾಯ. ನಿನ್ನ ಊರಲ್ಲಿ ಅದೂ ಇಲ್ಲ."

ಆ ಮಾತು ಮುಂದೆ ಎಲ್ಲಿಗೆ ಬಂದು ಮುಟ್ಟುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಇಬ್ಬರೂ ನಗುತ್ತಿದ್ದರು.

ಅವರಿಬ್ಬರೂ ೧೯೬೫ರಲ್ಲಿ ಒಂದೇ ವಾರ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕೇಂದ್ರ ಸರ್ಕಾರಿ ಕಚೇರಿಗೆ ಗುಮಾಸ್ತರಾಗಿ ಬಂದವರು. ರಾಮದಾಸ ಕಾಸರಗೋಡಿನ ಕಡೆಯವನು, ಒಂಟಿ. ಶ್ರೀಕಂಠ ಮೈಸೂರಿನವನು, ಹೊಸದಾಗಿ ಮದುವೆಯಾಗಿದ್ದ. ಎರ್ನಾಕುಳಂನಲ್ಲಿ ಅವನ ಸಂಬಳಕ್ಕೆ ಸಂಸಾರ ಇಡುವಂಥ ಮನೆ ಸಿಗಲಿಲ್ಲ. ಯಾರೋ ಹೇಳಿದರೆಂದು ವೈಪಿನ್ನಿಗೆ ಹೋಗಿ, ಊರವರೆಲ್ಲ ಚೇಡತ್ತಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ತ್ರೇಸ್ಯಾ ಎಂಬ ಕ್ರೈಸ್ತ ವಿಧವೆಯ ಹಿತ್ತಲಲ್ಲಿದ್ದ ಎರಡು ಕೋಣೆಯ ಹೆಂಚಿನ ಮನೆ ಹಿಡಿದ.

ಕಚೇರಿಯಲ್ಲಿ ಎಲ್ಲರೂ ಬೈದರು. ಪುತ್ತನ್‌ಕಡವು ಅಂದರೆ ರಾತ್ರಿ ಮಲಗಲಿಕ್ಕೆ ಮಾತ್ರ ಇರುವ ಊರು. ಬೆಳಿಗ್ಗೆ ಎಂಟೂ ಹತ್ತರ ಬೋಟಿಗೆ ಗಂಡಸರೆಲ್ಲ ಖಾಲಿ, ಸಂಜೆ ಐದೂ ಮುಕ್ಕಾಲಿನ ಬೋಟಿಗೆ ವಾಪಸು. ಸೊಳ್ಳೆಗೆ ಅದು ತವರುಮನೆ. ಫೆಬ್ರವರಿ ಕಳೆದರೆ ಬಾವಿಗಳೆಲ್ಲ ಉಪ್ಪಾಗುತ್ತವೆ. ಅಲ್ಲಿಗೆ ಹೆಣ್ಣು ಕೊಡುವವರು ಜೊತೆಗೊಂದು ಬಾವಿಯನ್ನೂ ಕೊಡಬೇಕು ಎಂದು ಪೇಟೆಯವರು ಆಡಿಕೊಳ್ಳುತ್ತಿದ್ದರು. ಸೇತುವೆ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಆ ಊರವರು ಹೇಳುತ್ತಿದ್ದರು. ಸೇತುವೆಯ ಮಾತು ಅವರ ಅಜ್ಜಂದಿರ ಕಾಲದಿಂದಲೂ ಇತ್ತಂತೆ.

ಬೇಸಿಗೆಯಲ್ಲಿ ಸಿಹಿನೀರು ಬರುತ್ತಿದ್ದದ್ದು ವಂಜಿಯಲ್ಲಿ. ಹೊಳೆಯ ಮೇಲುಭಾಗದಿಂದ ನೀರು ತುಂಬಿಕೊಂಡು ಬರುವ ದೊಡ್ಡ ದೋಣಿ ಅದು, ಬರುವುದಕ್ಕೆ ಹೊತ್ತು ಗೊತ್ತಿಲ್ಲ. ಅದಕ್ಕೇ ಊರಲ್ಲೊಂದು ಕ್ರಮವಿತ್ತು. ಪ್ರತಿ ಮನೆಯವರೂ ಬೋಟು ನಿಲ್ಲುವ ಕಡವಿನಲ್ಲಿ ತಮ್ಮ ಕೊಡ ಇಟ್ಟು ಹೋಗುತ್ತಿದ್ದರು. ಕೊಡವೇ ಸರದಿಯಲ್ಲಿ ನಿಂತಿರುತ್ತಿತ್ತು. ಮನೆಯವರು ಇರಲಿ ಬಿಡಲಿ, ವಂಜಿ ಬಂದಾಗ ಅಲ್ಲಿದ್ದವರು ಸಾಲಾಗಿ ಎಲ್ಲ ಕೊಡ ತುಂಬುತ್ತಿದ್ದರು. ಇನ್ನೊಬ್ಬರ ಕೊಡವನ್ನು ಹಿಂದಕ್ಕೆ ಸರಿಸುವುದು ಆ ಊರಲ್ಲಿ ಕಳ್ಳತನಕ್ಕಿಂತ ಕೀಳು.

ಶ್ರೀಕಂಠನ ಹೆಂಡತಿ ನಿರ್ಮಲಳಿಗೆ ಇದು ಒಗ್ಗಲಿಲ್ಲ. ಅವಳದು ತವರಿನಿಂದ ತಂದ ಹಿತ್ತಾಳೆ ಬಿಂದಿಗೆ, ಕಂಠದ ಸುತ್ತ ಕನ್ನಡದಲ್ಲಿ ಹೆಸರು ಕೊರೆಸಿದ್ದು. ಅದನ್ನು ಯಾರ್ಯಾರೋ ಮುಟ್ಟಿ ತುಂಬುವುದೆಂದರೆ ಏನು ಎಂದು ಅವಳು ಮೊದಲ ಬೇಸಿಗೆ ಪೂರ್ತಿ ಬಿಂದಿಗೆಯ ಪಕ್ಕದಲ್ಲೇ, ಸೆರಗು ತಲೆಗೆ ಹಾಕಿಕೊಂಡು, ಬಿಸಿಲಲ್ಲಿ ನಿಂತಳು. ಊರಿನ ಹೆಂಗಸರಿಗೆ ಅದು ದೊಡ್ಡ ತಮಾಷೆ. ತಮ್ಮ ಕೊಡ ಇಟ್ಟು, "ನಮ್ಮದನ್ನೂ ನೋಡಿಕೊ ಮೋಳೆ, ನೀನು ಹೇಗೂ ನಿಂತಿದ್ದೀಯಲ್ಲ" ಎಂದು ಮಗಳಿಗೆ ಹೇಳುವ ಹಾಗೆ ಹೇಳಿ ಹೋಗುತ್ತಿದ್ದರು.

ಎರಡನೆಯ ಬೇಸಿಗೆಗೆ ಮುಂಚೆ ಅವಳು ಹೆರಿಗೆಗೆ ಮೈಸೂರಿಗೆ ಹೋದಳು. ಹೆಣ್ಣು ಮಗು ಹುಟ್ಟಿತು, ರತ್ನ ಎಂದು ಹೆಸರಿಟ್ಟರು. ಆಮೇಲೆ ಒಂದು ಕಾಗದ ಬಂತು. ಕ್ವಾರ್ಟರ್ಸ್ ಸಿಕ್ಕಿದ ಮೇಲೆ ಬರುತ್ತೇನೆ, ಉಪ್ಪುನೀರು ಕುಡಿಸಿ ಮಗು ಬೆಳೆಸಲಾರೆ, ಎಂದು ಅದರಲ್ಲಿತ್ತು. ಶ್ರೀಕಂಠ ಆ ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಓಡಾಡಿದ. ಮಗಳ ಮುಖವನ್ನು ಅವನಿನ್ನೂ ನೋಡಿರಲಿಲ್ಲ.

ಕ್ವಾರ್ಟರ್ಸಿಗೆ ಅವನ ಮುಂದೆ ಮೂವತ್ತಕ್ಕೂ ಹೆಚ್ಚು ಜನರಿದ್ದರು. ವಾಸಕ್ಕೆ ಯೋಗ್ಯವಲ್ಲದ ಜಾಗದಲ್ಲಿ ಇರುವವರಿಗೆ ಮಾತ್ರ ಸರದಿ ದಾಟಿ ಕೊಡಬಹುದು ಎಂದು ನಿಯಮ. ರಾಮದಾಸನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಪುಸ್ತಕ ಓದುವ ಚಟವೂ ಇತ್ತು. ಅವನೇ ಅರ್ಜಿ ಬರೆದುಕೊಟ್ಟ. ನೀರು, ಸೊಳ್ಳೆ, ಬೋಟು, ಕೆಸರು ಯಾವುದನ್ನೂ ಬಿಡಲಿಲ್ಲ. ಓದಿ ನೋಡಿದ ಶ್ರೀಕಂಠ, "ಇಷ್ಟು ಕೆಟ್ಟದಾಗಿಲ್ಲ ಕಣಯ್ಯ" ಅಂದ.

"ನಿನಗೆ ಹೆಂಡತಿ ಬೇಕಾ, ಊರಿನ ಮರ್ಯಾದೆ ಬೇಕಾ?"

ಶ್ರೀಕಂಠ ಸಹಿ ಹಾಕಿದ.

ಏಪ್ರಿಲಿನಲ್ಲಿ, ಮನೆ ನೋಡಿ ವರದಿ ಕೊಡಲಿಕ್ಕೆ ಶಂಕರನಾರಾಯಣ ಅಯ್ಯರ್ ಎಂಬ ಅಧಿಕಾರಿ ಬರುತ್ತಾರೆಂದು ಗೊತ್ತಾಯಿತು. ಪಾಲಕ್ಕಾಡಿನ ಕಡೆಯವರು, ನಿಧಾನದ ಮನುಷ್ಯ, ಕಂಡದ್ದನ್ನಷ್ಟೇ ಬರೆಯುವವರು. ಶ್ರೀಕಂಠ ಮಾಡಿದ ತಪ್ಪು ಒಂದೇ. ಮನೆಯೊಡತಿಗೆ ತಿಳಿಸದೆ ಹೊರಗಿನವರನ್ನು ಕರೆತರುವುದು ಸರಿಯಲ್ಲ ಎಂದು, "ಶನಿವಾರ ನಮ್ಮ ಸಾರ್ ಮನೆ ನೋಡಲು ಬರುತ್ತಾರೆ" ಎಂದು ಚೇಡತ್ತಿಗೆ ಹೇಳಿದ. ಯಾಕೆ ಎಂದು ಹೇಳಲಿಲ್ಲ. ಅದನ್ನು ಹೇಳುವ ಮುಖ ಅವನಿಗಿರಲಿಲ್ಲ.

ಶನಿವಾರ ರಾಮದಾಸನೇ ಅಯ್ಯರನ್ನು ಬೋಟಿನಲ್ಲಿ ಕರೆತಂದ. ಕಡವಿನಲ್ಲಿ ಇಳಿದಾಗಲೇ ಏನೋ ಎಡವಟ್ಟಾಗಿದೆ ಎಂದು ಅವನಿಗೆ ಗೊತ್ತಾಯಿತು. ದಾರಿಯ ಕೆಸರುಗುಂಡಿಗೆ ತೆಂಗಿನ ಸಿಪ್ಪೆ ತುಂಬಿ, ಮೇಲೆ ಹೊಸ ಮರಳು ಹರಡಿದ್ದರು. ಸೊಳ್ಳೆ ಬಾರದಿರಲೆಂದು ಅಂಗಳದ ಮೂಲೆಯಲ್ಲಿ ಹೊಗೆ ಹಾಕಿದ್ದರು. ವಂಜಿ ಬಂದದ್ದು ಎರಡು ದಿನದ ಹಿಂದೆ. ಆದರೂ ಜಗಲಿಯಲ್ಲಿ ಒಂದು ಮಣ್ಣಿನ ಹೂಜಿಯ ತುಂಬ ಸಿಹಿನೀರು ಕಾದಿತ್ತು. ಕಡವಿನ ಸಾಲಿನಲ್ಲಿ ಆ ವಾರ ಎಲ್ಲರೂ ಸೇರಿ ಶ್ರೀಕಂಠನ ಕೊಡವನ್ನು ಮುಂದೆ ಇಟ್ಟಿದ್ದರಂತೆ. ಆ ಊರಲ್ಲಿ ಕೊಡದ ಜಾಗ ಬದಲಾದದ್ದು ಅದೇ ಮೊದಲು.

ಅಯ್ಯರ್ ಒಂದು ಲೋಟ ನೀರು ಕುಡಿದರು, ಇನ್ನೊಂದು ಕೇಳಿ ಕುಡಿದರು. ಆಮೇಲೆ ಅರ್ಜಿ ಬಿಡಿಸಿ, "ಇಲ್ಲಿ ನೀರು ಕುಡಿಯಲಾಗುವುದಿಲ್ಲವಂತೆ, ನಿಜವೇ?" ಎಂದು ಚೇಡತ್ತಿಯನ್ನೇ ಮಲಯಾಳದಲ್ಲಿ ಕೇಳಿದರು.

"ಹಾಗಂತ ಯಾರು ಬರೆದದ್ದು ಸಾರೇ?" ಅಂದಳು ಚೇಡತ್ತಿ. "ಪೇಟೆಯವರು ಹೊಟ್ಟೆಕಿಚ್ಚಿಗೆ ಏನು ಬೇಕಾದರೂ ಬರೆಯುತ್ತಾರೆ. ನಮ್ಮ ಶ್ರೀಕಂಠನ್ ಸಾರನ್ನೇ ಕೇಳಿ. ಎರಡು ವರ್ಷದಿಂದ ಇಲ್ಲಿದ್ದಾರೆ. ಸುಳ್ಳು ಹೇಳುವ ಪೈಕಿಯವರಲ್ಲ."

ಅಯ್ಯರ್ ಕಾಗದದ ಮೇಲಿಂದ ಕಣ್ಣೆತ್ತಿ ಶ್ರೀಕಂಠನನ್ನು ನೋಡಿದರು. ಕಾಗದದ ಅಡಿಯಲ್ಲಿ ಅವನ ಸಹಿ ಇತ್ತು. ಬೇಲಿಯಾಚೆ ಏಳೆಂಟು ಹೆಂಗಸರು ನಿಂತಿದ್ದರು. ಹೌದು ಅಂತ ಒಂದು ಮಾತು ಹೇಳು ಮಾರಾಯ, ಎಂದು ರಾಮದಾಸ ಮನಸ್ಸಿನಲ್ಲೇ ಬೇಡಿಕೊಂಡ. ಶ್ರೀಕಂಠನ ಕೈ ಹೆಂಡತಿಯ ಕಾಗದವಿದ್ದ ಜೇಬಿನ ಹತ್ತಿರ ಹೋಯಿತು, ಅಲ್ಲೇ ನಿಂತಿತು.

"ನಾನೇ ಬರೆದದ್ದು ಚೇಡತ್ತಿ" ಅಂದ ಮೊದಲು. ಆಮೇಲೆ ಅಯ್ಯರ ಕಡೆ ತಿರುಗಿದ. "ನೀರು ಉಪ್ಪು ಸಾರ್. ಊರು ಒಳ್ಳೇದು."

ಅಯ್ಯರ್ ಎರಡನ್ನೂ ಹಾಗೆಯೇ ಬರೆದುಕೊಂಡರು. ಚೇಡತ್ತಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಎಳನೀರು ಕೆತ್ತಿ ತಂದು ಮೂವರಿಗೂ ಕೊಟ್ಟಳು, ಶ್ರೀಕಂಠನಿಗೆ ಕೊಡುವಾಗ ಮಾತ್ರ ಮುಖ ನೋಡಲಿಲ್ಲ.

"ನಿನಗೆ ತಲೆ ಉಂಟಾ?" ಎಂದು ರಾಮದಾಸ ಸೋಮವಾರ ಕಚೇರಿಗೆ ಹೋಗುವ ಬೋಟಿನಲ್ಲಿ ಕೂಗಾಡಿದ. "ಇನ್ನು ಐದು ವರ್ಷ ಕ್ವಾರ್ಟರ್ಸಿನ ಮುಖ ಕಾಣುವುದಿಲ್ಲ ನೀನು. ಅವಳಿಗೆ ಎಂತ ಹೇಳ್ತಿ?"

"ನಡೆದದ್ದನ್ನೇ ಬರೀತೀನಿ."

ಹಾಗೆಯೇ ಬರೆದ. ಹೂಜಿ, ಹೊಗೆ, ಹೊಸ ಮರಳು, ತನ್ನ ಸಹಿ, ಚೇಡತ್ತಿ ಒಳಗೆ ಹೋದದ್ದು. ಏಪ್ರಿಲ್ ಮುಗಿಯಿತು, ಮೇ ಮುಗಿಯಿತು. ಉತ್ತರ ಬರಲಿಲ್ಲ. ಆ ದಿನಗಳಲ್ಲಿ ಶ್ರೀಕಂಠ ಬೋಟಿನಲ್ಲಿ ಎಂಜಿನ್ನಿನ ಪಕ್ಕದ ತನ್ನ ಮಾಮೂಲಿ ಜಾಗದಲ್ಲಿ ಕೂತು ಪೇಪರನ್ನು ಮುಖಕ್ಕೆ ಹಿಡಿದಿರುತ್ತಿದ್ದ. ಪುಟ ತಿರುಗುತ್ತಿರಲಿಲ್ಲ.

ಜೂನ್ ಎರಡನೇ ವಾರ, ಮಳೆ ಹಿಡಿದ ಮೇಲೆ, ನಿರ್ಮಲ ತಮ್ಮನ ಜೊತೆ ಬಂದು ಬೋಟಿನಿಂದ ಇಳಿದಳು. ಕಂಕುಳಲ್ಲಿ ಮಗು, ತಮ್ಮನ ಕೈಯಲ್ಲಿ ಬಿಂದಿಗೆ.

"ಕ್ವಾರ್ಟರ್ಸ್ ಸಿಗಲಿಲ್ಲ" ಅಂದ ಶ್ರೀಕಂಠ, ಅವಳಿಗೆ ಗೊತ್ತಿಲ್ಲವೇನೋ ಎನ್ನುವ ಹಾಗೆ.

"ಓದಿದೆ. ಮಳೆಗಾಲಕ್ಕೆ ಬಾವಿ ನೀರು ಸಿಹಿಯಾಗೇ ಇರತ್ತಲ್ಲ. ಬೇಸಿಗೆ ಬರಲಿ, ಆಗ ನೋಡೋಣ."

ಬೇಸಿಗೆ ಬಂತು. ಅವಳು ಬಿಂದಿಗೆಯನ್ನು ಕಡವಿನ ಸಾಲಿನಲ್ಲಿ ಇಟ್ಟು, ಹಿಂದೆ ತಿರುಗಿ ನೋಡದೆ ಮನೆಗೆ ಬಂದಳು. ಅದರ ಮೇಲಿನ ಅಕ್ಷರ ಓದಲಿಕ್ಕೆ ಆ ಊರಲ್ಲಿ ಯಾರಿಗೂ ಬರುತ್ತಿರಲಿಲ್ಲ, ಯಾರದೆಂದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಮುಂದೆ ಪ್ರತಿ ಜನವರಿಯಲ್ಲೂ ಅವಳು "ಈ ಬೇಸಿಗೆ ನೋಡೋಣ" ಎನ್ನುತ್ತಿದ್ದಳು. ಹಾಗೆ ನೋಡುತ್ತ ಹತ್ತು ಬೇಸಿಗೆ ಕಳೆದವು.

ಶ್ರೀಕಂಠನದು ದೊಡ್ಡ ಬದುಕೇನಲ್ಲ. ಕಚೇರಿಯಲ್ಲಿ ಒಂದು ಬಡ್ತಿ ಬಂತು. ಮಲಯಾಳ ಕೊನೆಯವರೆಗೂ ತಪ್ಪುತಪ್ಪಾಗಿ ಆಡಿದ, ಅವನು ಆಡುವಾಗ ಮಗಳು ಬಾಯಿಗೆ ಕೈ ಇಟ್ಟು ನಗುತ್ತಿದ್ದಳು. ಕನ್ನಡದಲ್ಲಿ ಕರೆದರೆ ಅವಳು "ಎಂದಾ ಅಚ್ಛಾ", ಏನಪ್ಪಾ, ಎಂದು ಮಲಯಾಳದಲ್ಲೇ ಓಗೊಡುತ್ತಿದ್ದಳು. ಆ ಊರಿನ ಹುಡುಗರು ಹಡಗಿಗೆ, ಮುಂಬಯಿಗೆ, ಆಮೇಲೆ ಗಲ್ಫಿಗೆ ಹೋಗಲು ಬೇಕಾದ ಇಂಗ್ಲಿಷ್ ಅರ್ಜಿಗಳನ್ನೆಲ್ಲ ಅವನು ಎಂಟೂ ಹತ್ತರ ಬೋಟಿನಲ್ಲಿ ತೊಡೆಯ ಮೇಲೆ ಫೈಲು ಇಟ್ಟುಕೊಂಡು ಬರೆದುಕೊಟ್ಟ. ಚೇಡತ್ತಿ ಮಾತ್ರ ಯಾವ ಅರ್ಜಿ ಕಂಡರೂ, "ಇದರಲ್ಲಿ ನಮ್ಮ ನೀರಿನ ವಿಷಯ ಇಲ್ಲ ತಾನೇ ಸಾರೇ?" ಎಂದು ಕೇಳುತ್ತಿದ್ದಳು. ಶ್ರೀಕಂಠನ ಕಿವಿ ಪ್ರತಿ ಸಲವೂ ಕೆಂಪಾಗುತ್ತಿತ್ತು.

೧೯೭೨ರಲ್ಲಿ ಸರದಿಯಂತೆಯೇ ಅವನಿಗೆ ಕ್ವಾರ್ಟರ್ಸ್ ಬಂತು. ಬೇಡವೆಂದು ಬರೆದುಕೊಟ್ಟ. ರಾಮದಾಸ ಹುಚ್ಚನೆಂದು ಬೈದಾಗ, ಅಲ್ಲಿ ಸಂಜೆ ಹೊತ್ತು ಮಾತಾಡಿಸಲು ಯಾರಿದ್ದಾರೆ ಎಂದ. ಎರಡು ವರ್ಷದ ಮೇಲೆ ರಾಮದಾಸನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ತಂಪಾನೂರಿನ ಒಂದು ಲಾಡ್ಜಿನಲ್ಲಿ ತಿಂಗಳ ಲೆಕ್ಕದ ಕೋಣೆ ಹಿಡಿದ. ರೈಲು, ಬಸ್ಸು, ಕೊಳಾಯಿ ಎಲ್ಲ ಕಾಲಬುಡದಲ್ಲಿ. ಪಕ್ಕದ ಕೋಣೆಯಲ್ಲಿ ಯಾರಿದ್ದಾರೆಂದು ಮೂರು ವರ್ಷವಾದರೂ ಅವನಿಗೆ ಗೊತ್ತಾಗಲಿಲ್ಲ.

೧೯೭೭ರ ಏಪ್ರಿಲಿನ ಒಂದು ಸಂಜೆ ಶ್ರೀಕಂಠ ಬೋಟಿನಿಂದ ಇಳಿದು, ಸುಸ್ತೆಂದು ಕಡವಿನ ಕಟ್ಟೆಯ ಮೇಲೆ ಕೂತ. ಮತ್ತೆ ಏಳಲಿಲ್ಲ. ನಲವತ್ತೆರಡು ವಯಸ್ಸು.

ಮರುದಿನ ಬೆಳಿಗ್ಗೆ ಲಾಡ್ಜಿನ ಕೆಳಗಿನ ಅಂಗಡಿಗೆ ಟ್ರಂಕ್ ಕಾಲ್ ಬಂತು. ರಾಮದಾಸ ಸಿಕ್ಕಿದ ಬಸ್ಸು ಹತ್ತಿದ. ಪುತ್ತನ್‌ಕಡವು ತಲುಪಿದಾಗ ಗಂಟೆ ಮೂರು ದಾಟಿತ್ತು. ಅವನಿಗಾಗಿಯೇ ಕಾದಿದ್ದರು. ಮಟ್ಟಾಂಚೇರಿಯಿಂದ ಪುರೋಹಿತರು ಬಂದಾಗಿತ್ತು, ಇನ್ನು ಸ್ನಾನ ಮಾಡಿಸಬೇಕು. ವಂಜಿ ಮೂರು ದಿನದಿಂದ ಬಂದಿರಲಿಲ್ಲ. ನಿರ್ಮಲಳ ಬಿಂದಿಗೆ ಕಡವಿನ ಸಾಲಿನಲ್ಲಿ ಖಾಲಿ ನಿಂತಿತ್ತು.

ಬಾವಿಯ ಉಪ್ಪುನೀರಿನಲ್ಲೇ ಆಗಲಿ ಎಂದು ಪುರೋಹಿತರು ಹೇಳುತ್ತಿರುವಾಗ ಚೇಡತ್ತಿ ಬೇಲಿ ದಾಟಿ ಬಂದಳು. ಹಿಂದೆ ಹೆಂಗಸರ ಸಾಲು. ಒಬ್ಬೊಬ್ಬರ ಕೈಯಲ್ಲೂ ಮನೆಯಲ್ಲಿ ಉಳಿದಿದ್ದ ಸಿಹಿನೀರು. ಕೆಲವರದು ಅರ್ಧ ಕೊಡ, ಒಬ್ಬಳದು ಒಂದು ಚೊಂಬು. ಜಗಲಿಯ ಕೆಳಗೇ ನಿಂತು ಚೇಡತ್ತಿ ಮೆಲ್ಲಗೆ ಕೇಳಿದಳು:

"ನಮ್ಮ ಕೊಡದ ನೀರು ಇದಕ್ಕೆ ಆಗುತ್ತದೋ ಮೋಳೆ?"

ನಿರ್ಮಲ ಪುರೋಹಿತರ ಕಡೆ ನೋಡಲಿಲ್ಲ. "ಹನ್ನೆರಡು ವರ್ಷ ಇದನ್ನೇ ಕುಡಿದಿದ್ದಾರೆ ಚೇಡತ್ತಿ" ಅಂದಳು. "ಇವತ್ತು ಬೇರೆ ನೀರು ಎಲ್ಲಿಂದ ತರಲಿ?"

ಹಂಡೆಗೆ ಒಬ್ಬೊಬ್ಬರಾಗಿ ಸುರಿದರು. ರಾಮದಾಸ ಕೈಚೀಲ ಬಿಚ್ಚಿದ. ಹೊರಡುವ ಗಡಿಬಿಡಿಯಲ್ಲೂ ಅಭ್ಯಾಸಬಲದಿಂದ ಫ್ಲಾಸ್ಕಿಗೆ ತಂಪಾನೂರಿನ ಕೊಳಾಯಿ ನೀರು ತುಂಬಿಸಿ ತಂದಿದ್ದ. ಹೆಂಗಸರ ಸಾಲಿನ ಕೊನೆಯಲ್ಲಿ ಹೋಗಿ ನಿಂತ. ತನ್ನ ಸರದಿ ಬಂದಾಗ ಅದನ್ನೂ ಹಂಡೆಗೆ ಬಗ್ಗಿಸಿದ.

ಎಲ್ಲ ಮುಗಿದು ಅವನು ಕೊನೆಯ ಬೋಟಿಗೆ ಹೊರಟಾಗ ಚೇಡತ್ತಿ ಬೇಲಿಯ ಹತ್ತಿರ ತಡೆದು, ಅವನ ಚೀಲದಿಂದ ಫ್ಲಾಸ್ಕು ತೆಗೆದುಕೊಂಡಳು.

"ಬಾಯಾರಿಕೊಂಡು ಅಷ್ಟು ದೂರ ಹೋಗಬಾರದು" ಎಂದು ತುಂಬಿಸಿ ಕೊಟ್ಟಳು. "ಸಿಹಿನೀರು ಊರಲ್ಲಿ ಒಂದು ತೊಟ್ಟೂ ಉಳಿದಿಲ್ಲ ಸಾರೇ. ಇದು ಬಾವಿಯದು."

ಬೋಟು ಹಿನ್ನೀರಿನ ನಡುವೆ ಬಂದಾಗ ರಾಮದಾಸ ಎಂಜಿನ್ನಿನ ಪಕ್ಕದಲ್ಲಿ ಶ್ರೀಕಂಠ ಕೂರುತ್ತಿದ್ದ ಜಾಗ ನೋಡಿದ. ಬೋಟು ತುಂಬಿತ್ತು, ಕೆಲವರು ನಿಂತೇ ಇದ್ದರು. ಅಲ್ಲಿ ಯಾರೂ ಕೂತಿರಲಿಲ್ಲ. ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಕುಡಿದ. ನೀರು ಉಪ್ಪಾಗಿತ್ತು. ಪೂರ್ತಿ ಕುಡಿದ.